ಕಡತ: ಮೈಸೂರು ಸೀಮೆಯ ಮಡಿಕೆ ಪುಸ್ತಕ ಮತ್ತು ಅದರ ನಂತರದ ಲೆಕ್ಕದ ಪುಸ್ತಕಗಳು

ಕಡತವೆಂದರೆ ಕಪ್ಪು ಲೇಪನ ಹಚ್ಚಿದ ಹತ್ತಿಬಟ್ಟೆಯ ಮಡಿಕೆ ಪುಸ್ತಕ. ಮೈಸೂರು ಸೀಮೆಯ ವ್ಯಾಪಾರಿಗಳು, ಶಾನುಭೋಗರು, ಮಠ ಮಾನ್ಯಗಳ ಲೆಕ್ಕಿಗರು ಆಯವ್ಯಯ, ಸಾಲ, ಕರಾರು, ದಾಖಲೆಗಳನ್ನು ಇದರಲ್ಲಿ ಬಳಪದಿಂದ ಬರೆದಿಡುತ್ತಿದ್ದರು. ಬರೆದದ್ದನ್ನು ಅಳಿಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಾಗಿತ್ತು. ಹಾಗಿದ್ದೂ ಸರಿಯಾಗಿ ಕಾಪಾಡಿದ ಕಡತದ ಬರಹ ನೂರಾರು ವರ್ಷ ಉಳಿದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಲಿದ ಕಾಗದದ ಪುಸ್ತಕಗಳು, ಇಪ್ಪತ್ತನೆಯ ಶತಮಾನದಲ್ಲಿ ಬಿಡಿ ಹಾಳೆಯ ಫೈಲು ಹಾಗೂ ಉಂಗುರದ ಡೈರಿಗಳು, ಅನಂತರ ಗಣಕಯಂತ್ರದ ದಾಖಲೆಗಳು ಇದರ ಜಾಗಕ್ಕೆ ಬಂದವು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಹಳೆಯ ಮೈಸೂರು ಸಂಸ್ಥಾನದ ಒಡಲಲ್ಲೇ ಇದ್ದ ಪ್ರದೇಶ. ಈ ಎಲ್ಲ ಘಟ್ಟಗಳನ್ನೂ ಅಲ್ಲಿನ ಆಡಳಿತ ಮತ್ತು ವ್ಯಾಪಾರದ ಬದುಕಿನೊಡನೆ ಜೋಡಿಸಿ ನೋಡಬಹುದು.

ರಚನೆ

ಕಡತದ ರಚನೆಯನ್ನು ವಿವರವಾಗಿ ಬರೆದಿಟ್ಟವರಲ್ಲಿ ಮಾರ್ಕ್ ವಿಲ್ಕ್ಸ್ ಮುಖ್ಯನಾದವನು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಈತ ಬರೆದ ಮೈಸೂರಿನ ಇತಿಹಾಸ 1810ರಿಂದ 1817ರ ಅವಧಿಯಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅವನ ವಿವರಣೆಯಂತೆ ಕಡತದ ಬಟ್ಟೆ 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದ ಇರುತ್ತಿತ್ತು. ಅದರ ಎರಡು ಮೈಗೂ ಸರಿ ಮತ್ತು ಇದ್ದಿಲ ಪುಡಿ ಕಲಸಿದ ಲೇಪನ ಬಳಿದು, ಚೆನ್ನಾಗಿ ಒಣಗಿದ ಮೇಲೆ ಎಲ್ಲೂ ಕತ್ತರಿಸದೆ ಒಂದೇ ಅಳತೆಯ ಮಡಿಕೆಗಳಾಗಿ ಮಡಚುತ್ತಿದ್ದರು. ಮೊದಲ ಮತ್ತು ಕೊನೆಯ ಮಡಿಕೆಗೆ ಬಣ್ಣ ಬಳಿದು ಮೆರುಗು ಕೊಟ್ಟ ಮರದ ಹಲಗೆಗಳನ್ನು ಅಂಟಿಸಿ, ಇಡೀ ಪುಸ್ತಕವನ್ನು ಬಟ್ಟೆಯ ಚೀಲದಲ್ಲಿ ಇಡುತ್ತಿದ್ದರು, ಇಲ್ಲವೇ ದಾರದಿಂದ ಕಟ್ಟುತ್ತಿದ್ದರು. ಹೀಗೆ ಮಡಚಿದ ಪುಸ್ತಕವನ್ನು ಯಾವ ಕಡೆಯಿಂದಲಾದರೂ ತೆರೆಯಬಹುದು. ಪೂರ್ತಿ ಬಿಚ್ಚಿದರೆ ಅದು ಮತ್ತೆ ಒಂದೇ ಉದ್ದನೆಯ ಪಟ್ಟಿ.

ಲೇಪನಕ್ಕೆ ಬಳಸುತ್ತಿದ್ದದ್ದು ಹುಣಸೆಬೀಜದ ಸರಿ. ಬೀಜದ ಸಿಪ್ಪೆ ತೆಗೆದು, ಪುಡಿ ಮಾಡಿ, ನೀರಿನಲ್ಲಿ ಕುದಿಸಿದರೆ ಅಂಟಾದ ಗಂಜಿ ಸಿಗುತ್ತದೆ. ಕಂಬಳಿ ನೇಯುವವರು ನೂಲಿಗೆ ಬಿಗುಪು ಕೊಡಲು ಇದನ್ನೇ ಹಚ್ಚುತ್ತಾರೆ. ಕಡತದಲ್ಲಿ ಈ ಅಂಟು ಎರಡು ಕೆಲಸ ಮಾಡುತ್ತಿತ್ತು: ಬಟ್ಟೆಯ ಎಳೆಗಳ ನಡುವಿನ ಸಂದುಗಳನ್ನು ಮುಚ್ಚಿ ನುಣುಪಾದ ಮೈ ಕೊಡುತ್ತಿತ್ತು, ಇದ್ದಿಲ ಕಣಗಳನ್ನು ಬಿಗಿಯಾಗಿ ಹಿಡಿದಿಡುತ್ತಿತ್ತು. ಬಟ್ಟೆ, ಹುಣಸೆಬೀಜ, ಇದ್ದಿಲು ಈ ಮೂರೂ ಹಳ್ಳಿಯಲ್ಲೇ ದೊರೆಯುವ ಪದಾರ್ಥಗಳು. ಆದ್ದರಿಂದ ಕಡತ ಮಾಡಲು ದೂರದ ಪೇಟೆಯ ಸರಕನ್ನು ಕಾಯಬೇಕಾಗಿರಲಿಲ್ಲ.

ಬಳಪ

ಬರೆಯುವ ಸಾಧನ ಬಳಪದ ಕಲ್ಲಿನ ಕಡ್ಡಿ. ಉಗುರಿನಿಂದ ಕೆರೆದರೂ ಪುಡಿಯಾಗುವಷ್ಟು ಮೆದುವಾದ ಈ ಕಲ್ಲು ಕಪ್ಪು ಮೈಯ ಮೇಲೆ ಬಿಳಿಯ ಗೆರೆ ಬಿಡುತ್ತದೆ. ಹೊಯ್ಸಳ ಶಿಲ್ಪಿಗಳು ಸೂಕ್ಷ್ಮ ಕೆತ್ತನೆಗೆ ಆರಿಸಿಕೊಂಡದ್ದೂ ಇದೇ ಜಾತಿಯ ಕಲ್ಲನ್ನೇ. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಕಟ್ಟಿದ ಮಲ್ಲಿಕಾರ್ಜುನ ದೇವಾಲಯ ಅದಕ್ಕೆ ಒಳ್ಳೆಯ ನಿದರ್ಶನ. ಕಡತದ ಕಾಲ ಮುಗಿದ ಮೇಲೂ ಬಳಪ ಶಾಲೆಯ ಮಕ್ಕಳ ಸ್ಲೇಟಿನ ಜೊತೆಗೆ ಉಳಿದುಬಂತು.

ಪ್ರಾಚೀನತೆ

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಉಲ್ಲೇಖ ಬರುತ್ತದೆ. ದಾಖಲೆ ಪುಸ್ತಕಗಳ ಮೇಲ್ವಿಚಾರಣೆ ಇವನ ಹೊಣೆ. ಇದರಿಂದ ಕಡಿತ ಅಥವಾ ಕಡತ ಎಂಬ ದಾಖಲೆ ಪುಸ್ತಕವೂ ಅದಕ್ಕೊಬ್ಬ ಜವಾಬ್ದಾರ ಅಧಿಕಾರಿಯೂ ಕನ್ನಡ ನಾಡಿನ ಆಡಳಿತದಲ್ಲಿ ಬಹಳ ಹಿಂದಿನಿಂದ ಇದ್ದದ್ದು ತಿಳಿಯುತ್ತದೆ. ಭಾರತೀಯರು ಒತ್ತಾಗಿ ನೇಯ್ದ ಬಟ್ಟೆಯ ಮೇಲೆ ಬರೆಯುತ್ತಾರೆಂದು ಅಲೆಕ್ಸಾಂಡರನ ನೌಕಾಧಿಪತಿ ನಿಯರ್ಕಸ್ ಹೇಳಿದ್ದನ್ನು ಗ್ರೀಕ್ ಲೇಖಕ ಸ್ಟ್ರೇಬೋ ದಾಖಲಿಸಿದ್ದಾನೆ. ನಿಯರ್ಕಸ್ ಕಂಡ ಬಟ್ಟೆ ಕಡತದಂಥದೇ ಇರಬೇಕೆಂಬುದು ವಿಲ್ಕ್ಸ್‌ನ ಊಹೆ. ಜರ್ಮನ್ ವಿದ್ವಾಂಸ ಗಿಯೋರ್ಗ್ ಬ್ಯೂಲರ್ ಭಾರತೀಯ ಲಿಪಿಗಳ ಕುರಿತು 1896ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕನ್ನಡ ವ್ಯಾಪಾರಿಗಳು ಹುಣಸೆಬೀಜದ ಸರಿ ಹಚ್ಚಿ ಇದ್ದಿಲಿನಿಂದ ಕಪ್ಪಾಗಿಸಿದ ಬಟ್ಟೆಯ ಲೆಕ್ಕದ ಪುಸ್ತಕಗಳನ್ನು ಇನ್ನೂ ಬಳಸುತ್ತಿರುವುದನ್ನು ಹೇಳಿದ್ದಾನೆ.

ಕಡತವನ್ನು ಹೋಲುವ ಪುಸ್ತಕ ಬರ್ಮಾದಲ್ಲೂ ಇತ್ತು. ಅಲ್ಲಿನ ಕಪ್ಪು ಪರಬೈಕ್ ಕೂಡ ಮಡಿಕೆಯ ಪುಸ್ತಕವೇ. ಅದರಲ್ಲೂ ಬಳಪದ ಕಲ್ಲಿನಿಂದಲೇ ಬರೆಯುತ್ತಿದ್ದರು. ಆದರೆ ಅದರ ಮೂಲವಸ್ತು ಮರದ ನಾರಿನಿಂದ ಮಾಡಿದ ಕಾಗದ, ಕಡತದ್ದು ಹತ್ತಿಬಟ್ಟೆ.

ಬಳಕೆ

ಕಡತದ ಬಳಕೆಯನ್ನು ಮೂರು ನೆಲೆಗಳಲ್ಲಿ ಗುರುತಿಸಬಹುದು.

ಮೊದಲನೆಯದು ವ್ಯಾಪಾರ. ತನ್ನ ಕಾಲದಲ್ಲಿ ಮೈಸೂರು ಸೀಮೆಯ ವರ್ತಕರೂ ಅಂಗಡಿಯವರೂ ಎಲ್ಲೆಡೆ ಕಡತವನ್ನೇ ಬಳಸುತ್ತಿದ್ದರೆಂದು ವಿಲ್ಕ್ಸ್ ಬರೆದಿದ್ದಾನೆ. ಬೆಂಗಳೂರು–ಶ್ರೀರಂಗಪಟ್ಟಣದ ಹೆದ್ದಾರಿ ಮದ್ದೂರು, ಮಂಡ್ಯಗಳ ಮೇಲೆ ಹಾದುಹೋಗುತ್ತಿತ್ತು. ಸರಕು, ಸೈನ್ಯ, ಯಾತ್ರಿಕರು ನಡೆದಾಡುತ್ತಿದ್ದ ಇಂಥ ದಾರಿಯಲ್ಲಿ ದಿನದ ಕೊಡುಕೊಳ್ಳುವಿಕೆ ಬೇಗ ಬದಲಾಗುತ್ತದೆ. ತೀರಿದ ಬಾಕಿ ಅಳಿಸಿ ಹೊಸ ಬಾಕಿ ಬರೆದುಕೊಳ್ಳುವ ಅಂಗಡಿಯವನಿಗೆ ಕಡತದಷ್ಟು ಅನುಕೂಲವಾದ ಪುಸ್ತಕ ಬೇರೆ ಇರಲಿಲ್ಲ.

ಎರಡನೆಯದು ಗ್ರಾಮಾಡಳಿತ. ಹಳ್ಳಿಯ ಲೆಕ್ಕ ಶಾನುಭೋಗನದು. ತರಿ, ಖುಷ್ಕಿ, ಬಾಗಾಯ್ತು ಜಮೀನುಗಳ ವಿವರ, ಅವುಗಳ ಕಂದಾಯ, ವಸೂಲಾದದ್ದು, ಉಳಿದ ಬಾಕಿ, ಇನಾಮು ಜಮೀನುಗಳು ಎಲ್ಲವೂ ಅವನ ಬರಹದಲ್ಲಿರಬೇಕಿತ್ತು. ವರಹ, ಹಣ, ಹಾಗ, ವೀಸಗಳಲ್ಲಿ ನಗದು ಲೆಕ್ಕ. ಖಂಡುಗ, ಕೊಳಗಗಳಲ್ಲಿ ಧಾನ್ಯದ ಲೆಕ್ಕ. ಕೆರೆ ನೀರಿನ ಹಂಚಿಕೆ ನೀರುಗಂಟಿಯ ಕೆಲಸ. ಆ ನೀರಿನಿಂದ ಬೆಳೆದ ತರಿ ಜಮೀನಿನ ಕಂದಾಯ ಬರೆಯುವುದು ಶಾನುಭೋಗನ ಕೆಲಸ. ಕೆರೆ ಬೇಸಾಯವೇ ಆಧಾರವಾಗಿದ್ದ ಮಳವಳ್ಳಿಯಂಥ ಕಡೆ ಈ ಎರಡು ಕೆಲಸಗಳು ಒಂದನ್ನೊಂದು ಬಿಟ್ಟಿರಲಾರವು. ಮಳೆ ತಪ್ಪಿ ಕೆರೆ ತುಂಬದ ವರ್ಷ ಲೆಕ್ಕವೂ ಬದಲಾಗುತ್ತಿತ್ತು.

ಮೂರನೆಯದು ಮಠ ಮತ್ತು ದೇವಸ್ಥಾನ. ಶೃಂಗೇರಿ ಮಠದಲ್ಲಿ ಕಡತಗಳ ದೊಡ್ಡ ಸಂಗ್ರಹವಿದೆ. ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಅವರ 1916ರ ವರದಿಯಿಂದ ಅದು ವಿದ್ವಾಂಸರ ಗಮನಕ್ಕೆ ಬಂತು. ಮಠದ ಲೆಕ್ಕಪತ್ರ, ಶಿಲಾಶಾಸನ ಮತ್ತು ತಾಮ್ರಶಾಸನಗಳ ನಕಲು, ಗುರುಪರಂಪರೆಯ ವಿವರಗಳು ಅವುಗಳಲ್ಲಿವೆ. ಅಂದರೆ ನಿತ್ಯದ ಲೆಕ್ಕಕ್ಕೂ ಶಾಶ್ವತವಾಗಿ ಉಳಿಯಬೇಕಾದ ಬರಹಕ್ಕೂ ಒಂದೇ ಬಗೆಯ ಪುಸ್ತಕ ಸಾಕಾಗಿತ್ತು.

ಟಿಪ್ಪುವಿನ ನಿಷೇಧ

ಕಡತದ ಗುಣವೇ ಅದರ ಮೇಲಿನ ಆಕ್ಷೇಪಕ್ಕೂ ಕಾರಣವಾಯಿತು. ಟಿಪ್ಪು ಸುಲ್ತಾನನ ಕಂದಾಯ ನಿಯಮಗಳು ಸರ್ಕಾರಿ ಲೆಕ್ಕವನ್ನು ಕಡತದಲ್ಲಿ ಬರೆಯುವುದನ್ನು ನಿಷೇಧಿಸಿದವು. ಈ ನಿಯಮಗಳನ್ನು ಬರಿಷ್ ಕ್ರಿಸ್ಪ್ ಇಂಗ್ಲಿಷಿಗೆ ತಂದು 1792ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ. ಆ ಅನುವಾದದಲ್ಲಿ ಕಡತವನ್ನು ತಾಳೆಗರಿ ಎಂದು ಭಾವಿಸಲಾಗಿತ್ತು. ಅದು ಲೇಪನದ ಬಟ್ಟೆಯೆಂದು ಸ್ಪಷ್ಟಪಡಿಸಿದವನು ವಿಲ್ಕ್ಸ್.

ಸುಲಭವಾಗಿ ಅಳಿಸಬಹುದಾದ್ದರಿಂದ ಕಡತದಲ್ಲಿ ಮೋಸಕ್ಕೆ ಎಡೆಯಿದೆಯೆಂದು ವಿಲ್ಕ್ಸ್ ಕೂಡ ಒಪ್ಪುತ್ತಾನೆ. ಆದರೆ ಬಾಳಿಕೆಯ ಮಾತು ಬಂದಾಗ, ಭಾರತದಲ್ಲಿ ಬರಹಕ್ಕೆ ಬಳಸುವ ವಸ್ತುಗಳಲ್ಲಿ ಕಲ್ಲು ಮತ್ತು ತಾಮ್ರವನ್ನು ಬಿಟ್ಟರೆ ಕಡತಕ್ಕೆ ಸಮನಾದದ್ದಿಲ್ಲ, ಉತ್ತಮ ಕಾಗದಕ್ಕಿಂತಲೂ ಅದೇ ಮಿಗಿಲು ಎಂದು ತೀರ್ಮಾನಿಸುತ್ತಾನೆ. ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿಗಳ ಸಮೇತ ಬರೆದಿದ್ದ ಸಾಲಪತ್ರವನ್ನು ನ್ಯಾಯವಿಚಾರಣೆಯಲ್ಲಿ ಪುರಾವೆಯಾಗಿ ಸ್ವೀಕರಿಸಿದ್ದನ್ನೂ ಹೇಳುತ್ತಾನೆ. ಕಡತದ ಇತಿಹಾಸದಲ್ಲಿ ಇದು ಬಹಳ ಮುಖ್ಯವಾದ ಹೇಳಿಕೆ. ಒರೆಸಿದರೆ ಹೋಗಿಬಿಡುವ ಬರಹಕ್ಕೆ ಬೆಲೆ ತಂದುಕೊಟ್ಟದ್ದು ಬರೆದವನ ಹೆಸರು, ಬರೆಯುವಾಗ ಎದುರಿಗಿದ್ದ ಸಾಕ್ಷಿಗಳು ಮತ್ತು ಅವರೆಲ್ಲರನ್ನೂ ಬಲ್ಲ ಊರು.

ಕಲ್ಲಿನ ಬರಹದ ಬಾಳಿಕೆಗೆ ಉದಾಹರಣೆ ಈ ಸೀಮೆಯಲ್ಲೇ ಸಿಕ್ಕಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಕ್ರಿ.ಶ. 949–50ರದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗರ ವಿಷಯದ ಜೊತೆಗೆ, ಕಾಡುಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ಬೇಟೆನಾಯಿಯ ಸ್ಮರಣೆಯನ್ನೂ ಅದು ಸಾವಿರ ವರ್ಷಕ್ಕೂ ಮೀರಿ ಕಾಯ್ದುಕೊಂಡಿದೆ. ಆದರೆ ದಿನವೂ ಬದಲಾಗುವ ಲೆಕ್ಕವನ್ನು ಕಲ್ಲಿನಲ್ಲಿ ಬರೆಯಲಾಗದು. ಬದಲಾಯಿಸಲೂ ಬರಬೇಕು, ಬಹುಕಾಲ ಉಳಿಯಲೂ ಬೇಕು ಎಂಬ ಎರಡು ಅಗತ್ಯಗಳನ್ನು ಕಡತ ಒಂದೇ ವಸ್ತುವಿನಲ್ಲಿ ಪೂರೈಸಿತು.

ಕಾಗದಕ್ಕೆ ಪಲ್ಲಟ

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. 1863ರಲ್ಲಿ ಮುಂಬಯಿ ಪದ್ಧತಿಯಂತೆ ಭೂಮಾಪನ ಮತ್ತು ಕಂದಾಯ ನಿಗದಿಯ ಇಲಾಖೆ ಆರಂಭವಾಯಿತು. ಪ್ರತಿ ಹೊಲಕ್ಕೂ ಸರ್ವೆ ನಂಬರು, ಪ್ರತಿ ನಂಬರಿಗೂ ವಿಸ್ತೀರ್ಣ, ದರ್ಜೆ, ಕಂದಾಯ ಎಂಬ ಪದ್ಧತಿ ಬಂದಾಗ ಗೆರೆ ಎಳೆದ, ಕಲಂ ವಿಂಗಡಿಸಿದ ಕಾಗದದ ರಿಜಿಸ್ಟರುಗಳು ಬೇಕಾದವು. ಒಂದು ಪ್ರತಿ ಹಳ್ಳಿಯಲ್ಲಿ, ಇನ್ನೊಂದು ತಾಲ್ಲೂಕು ಕಚೇರಿಯಲ್ಲಿ ಇದ್ದರೆ ಒಂದರೊಡನೆ ಇನ್ನೊಂದನ್ನು ತಾಳೆ ನೋಡಬಹುದು. ಸಾಕ್ಷಿಯ ನೆನಪು ಮಾಡುತ್ತಿದ್ದ ಕೆಲಸದಲ್ಲಿ ಒಂದು ಭಾಗವನ್ನು ಎರಡನೆಯ ಪ್ರತಿ ವಹಿಸಿಕೊಂಡಿತು.

1880ರ ದಶಕದ ಆರಂಭದ ಹೊತ್ತಿಗೆ ಬೆಂಗಳೂರು–ಮೈಸೂರು ರೈಲುದಾರಿ ಮದ್ದೂರು, ಮಂಡ್ಯಗಳನ್ನು ಜೋಡಿಸಿತು. ಸರಕು ಸಾಗಣೆಯ ರಸೀತಿ, ಅಚ್ಚಾದ ನಮೂನೆ, ಮೊಹರು ಹಾಕಿದ ಚೀಟಿಗಳು ವ್ಯಾಪಾರದ ಭಾಗವಾದವು. ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅಷ್ಟರಲ್ಲಿ ಕಡತ ನಿತ್ಯ ಬಳಕೆಯಿಂದ ಹಿಂದೆ ಸರಿದು, ಅದರ ಹೆಸರು ಮಾತ್ರ ಕಚೇರಿಯ ಫೈಲಿಗೆ ಉಳಿಯುವ ಹಾದಿಯಲ್ಲಿತ್ತು.

ಮಂಡ್ಯ ಸೀಮೆಯ ಕಾಗದದ ಪುಸ್ತಕಗಳು

ಕೃಷ್ಣರಾಜಸಾಗರದ ನಾಲೆ ನೀರು 1930ರ ದಶಕದಲ್ಲಿ ಈ ಸೀಮೆಯ ಬೇಸಾಯವನ್ನೇ ಬದಲಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ ಬೆಳೆದು ಮನೆಯಲ್ಲೇ ಉಣ್ಣುತ್ತಿದ್ದ ಕುಟುಂಬ ಕಬ್ಬು ಬೆಳೆದು ಕಾರ್ಖಾನೆಗೆ ಸಾಗಿಸತೊಡಗಿದಾಗ ಲೆಕ್ಕ ಇಡುವ ಅಗತ್ಯ ಶಾನುಭೋಗನ ಮನೆಯಿಂದ ಪ್ರತಿ ರೈತನ ಮನೆಗೂ ಬಂತು. ಕಬ್ಬಿನ ತೂಕದ ಚೀಟಿ, ಕಟಾವಿನ ಕೂಲಿ, ಗಾಡಿ ಬಾಡಿಗೆ, ಸೊಸೈಟಿಯ ಸಾಲ ಇವೆಲ್ಲ ಮನೆಯ ನೋಟುಪುಸ್ತಕ ಸೇರಿದವು.

ಆಲೆಮನೆಯ ಬೆಲ್ಲ ಮಂಡಿಗೆ ಹೋದರೆ ಅಲ್ಲಿ ಬೇರೆ ಲೆಕ್ಕ. ಮಂಡಿಯ ಗುಮಾಸ್ತ ದಿನದ ವ್ಯವಹಾರವನ್ನು ಮೊದಲು ಖಿರ್ದಿಯಲ್ಲಿ ಬರೆದು, ಆಮೇಲೆ ಪ್ರತಿ ರೈತನ ಹೆಸರಿನ ಖಾತೆಗೆ ಏರಿಸುತ್ತಾನೆ. ಖಿರ್ದಿ ದಿನದ ಕ್ರಮದಲ್ಲಿ ನಡೆಯುತ್ತದೆ, ಖಾತೆ ವ್ಯಕ್ತಿಯ ಕ್ರಮದಲ್ಲಿ. ಒಂದೇ ಸಂಗತಿ ಎರಡು ಪುಸ್ತಕಗಳಲ್ಲಿ ಇರುವುದರಿಂದ ಒಂದರಲ್ಲಿ ಮಾಡಿದ ತಿದ್ದುಪಡಿಯನ್ನು ಇನ್ನೊಂದು ಬಯಲುಮಾಡುತ್ತದೆ. ಹೊಲಿದ ಪುಸ್ತಕದ ಪುಟ ಕಿತ್ತರೆ ಹೊಲಿಗೆ ಸಡಿಲವಾಗಿ ಅದೂ ಗೊತ್ತಾಗುತ್ತದೆ. ಮದ್ದೂರಿನ ಎಳನೀರು ವ್ಯಾಪಾರಿಗಳು, ಮಳವಳ್ಳಿ ಸುತ್ತಿನ ರೇಷ್ಮೆ ಬೆಳೆಗಾರರು, ಹಳ್ಳಿಯ ಚಿಲ್ಲರೆ ಅಂಗಡಿಯವರು ಇಟ್ಟುಕೊಳ್ಳುವ ಸಾಲದ ಪುಸ್ತಕಗಳು ಇದೇ ಪದ್ಧತಿಯ ಸರಳ ರೂಪಗಳು.

ಮನೆಯ ಲೆಕ್ಕಗಳಲ್ಲಿ ಮುಯ್ಯಿ ಪುಸ್ತಕಕ್ಕೆ ವಿಶೇಷ ಸ್ಥಾನವಿದೆ. ಮದುವೆಯಲ್ಲಿ ನೆಂಟರು, ಊರವರು ಕೊಟ್ಟ ಮುಯ್ಯನ್ನು ಹೆಸರು, ಊರು, ಮೊತ್ತದ ಸಮೇತ ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಆ ಪುಸ್ತಕ ತೆಗೆದು ನೋಡಿ ತಿರುಗಿ ಮುಯ್ಯಿ ಮಾಡುತ್ತಾರೆ. ಕಾನೂನಿನ ಬಲವಿಲ್ಲದ ಈ ಬರಹ ತಲೆಮಾರುಗಳ ನಡುವಿನ ಋಣವನ್ನು ಕಾಯುತ್ತದೆ. ಹಳ್ಳಿಯ ಸಂಬಂಧಗಳ ಇತಿಹಾಸ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಆಕರ ದೊರೆಯುವುದು ಕಷ್ಟ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೇರಿ ಬಂದ ಮೇಲೆ ಹಾಲಿನ ಲೆಕ್ಕವೂ ಮನೆಗಳ ನಿತ್ಯದ ಬರಹಕ್ಕೆ ಸೇರಿತು.

ಉಂಗುರದ ಪುಸ್ತಕ

ಹೊಲಿದ ಪುಸ್ತಕದ ನಂತರ ಬಂದ, ಹಾಳೆಗಳಿಗೆ ತೂತು ಹೊಡೆದು ಲೋಹದ ಉಂಗುರಗಳಿಗೆ ಪೋಣಿಸುವ ಪದ್ಧತಿ ಯುರೋಪಿನದು. ಜರ್ಮನಿಯ ಬಾನ್ ನಗರದ ಫ್ರೀಡ್ರಿಕ್ ಸೊಯೆನ್ನೆಕೆನ್ 1886ರಲ್ಲಿ ತೂತು ಹೊಡೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೆಫ್ಯಾಕ್ಸ್ ಎಂಬ ಹೆಸರಿನಲ್ಲಿ ಎಂಜಿನಿಯರುಗಳಿಗಾಗಿ ಬಿಡಿ ಹಾಳೆಯ ಕೈಪಿಡಿ ಬಂತು. ಲಂಡನ್ನಿನ ನಾರ್ಮನ್ ಅಂಡ್ ಹಿಲ್ ಸಂಸ್ಥೆ 1921ರಲ್ಲಿ ಆರಂಭವಾಗಿ ಇದೇ ಬಗೆಯ ಪುಸ್ತಕಗಳನ್ನು ‘ಫೈಲೋಫ್ಯಾಕ್ಸ್’ ಹೆಸರಿನಲ್ಲಿ ಮಾರಿತು. ಅದರ ಪ್ರಸಿದ್ಧ ಅಳತೆಯ ಹಾಳೆ 95 ಮಿ.ಮೀ. ಅಗಲ, 171 ಮಿ.ಮೀ. ಉದ್ದ; ಉಂಗುರಗಳು ಆರು. 1980ರ ದಶಕದಲ್ಲಿ ಇದು ಜಗತ್ತಿನಾದ್ಯಂತ ಕಚೇರಿ ನೌಕರರ ಕೈಯಲ್ಲಿ ಕಾಣಿಸಿಕೊಂಡಿತು.

ಚರ್ಮದ ಹೊದಿಕೆಯ ಉಂಗುರದ ಡೈರಿ ಕಡತಕ್ಕೆ ಹಲವು ರೀತಿಗಳಲ್ಲಿ ಹತ್ತಿರ. ಎರಡರ ಹೊದಿಕೆಯೂ ಬಾಳಿಕೆಯದು, ಒಳಗಿನ ಬರಹ ಬದಲಾಗುವಂಥದು. ಕಡತದಲ್ಲಿ ಅಕ್ಷರ ಅಳಿಯುತ್ತದೆ, ಬಟ್ಟೆ ಉಳಿಯುತ್ತದೆ. ಉಂಗುರದ ಡೈರಿಯಲ್ಲಿ ಹಾಳೆ ಹೋಗುತ್ತದೆ, ಹೊದಿಕೆ ಉಳಿಯುತ್ತದೆ. ಹಳೆಯ ಉಂಗುರದ ಡೈರಿಗಳಲ್ಲಿ ದಪ್ಪನೆಯ ಇಡಿ ಚರ್ಮ ಬಳಸುತ್ತಿದ್ದರು. ಈಚಿನ ಅಗ್ಗದವುಗಳಲ್ಲಿ ಚರ್ಮದ ಚೂರುಗಳನ್ನು ಅಂಟಿಸಿ ಒತ್ತಿದ ಹಾಳೆ ಅಥವಾ ಕೃತಕ ಚರ್ಮ ಇರುತ್ತದೆ. ಇಡಿ ಚರ್ಮ ಬಳಸಿದಷ್ಟೂ ಹದವಾಗುತ್ತದೆ, ಕೃತಕ ಲೇಪನ ಕಾಲಕ್ರಮದಲ್ಲಿ ಸಿಪ್ಪೆಯಂತೆ ಏಳುತ್ತದೆ.

ಕಾನೂನಿನ ದೃಷ್ಟಿ

ಯಾವ ಪುಸ್ತಕವನ್ನು ಎಷ್ಟು ನಂಬಬೇಕೆಂಬ ಪ್ರಶ್ನೆಗೆ ಭಾರತದ ಸಾಕ್ಷ್ಯ ಕಾನೂನು ಉತ್ತರ ಕೊಟ್ಟಿದೆ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 34ನೆಯ ಪ್ರಕರಣದಂತೆ, ವ್ಯವಹಾರದ ಕ್ರಮದಲ್ಲಿ ನಿಯತವಾಗಿ ಬರೆದ ಲೆಕ್ಕದ ಪುಸ್ತಕದ ನಮೂದುಗಳು ಪ್ರಸ್ತುತವಾಗಿದ್ದವು. ಆದರೆ ಅವನ್ನಷ್ಟೇ ಹಿಡಿದು ಯಾರ ಮೇಲೂ ಹೊಣೆ ಹೊರಿಸುವಂತಿರಲಿಲ್ಲ, ಬೇರೆ ಆಧಾರವೂ ಬೇಕಿತ್ತು. ಬಿಡಿ ಹಾಳೆಗಳನ್ನು ಸುಲಭವಾಗಿ ಕಿತ್ತು ಬದಲಾಯಿಸಬಹುದಾದ್ದರಿಂದ ಅವು ‘ಪುಸ್ತಕ’ ಎನಿಸವೆಂದು ಸುಪ್ರೀಂ ಕೋರ್ಟು 1998ರಲ್ಲಿ ಜೈನ್ ಡೈರಿಗಳ ಪ್ರಕರಣದಲ್ಲಿ ಹೇಳಿತು. ಟಿಪ್ಪುವಿನ ನಿಯಮದ ಹಿಂದಿದ್ದ ಆತಂಕವೂ ಇದೇ: ಬದಲಾವಣೆ ಗುರುತು ಬಿಡದೆ ಹೋದರೆ ಬರಹದ ಮೇಲೆ ನಂಬಿಕೆ ನಿಲ್ಲುವುದಿಲ್ಲ.

ಗಣಕಯಂತ್ರದ ಲೆಕ್ಕವೂ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯ ದಿನಾಂಕ ಸಹಿತ ದಾಖಲೆ ಇಡಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಜಮೀನಿನ ವಿಷಯದಲ್ಲೂ ಹಾಗೆಯೇ. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ, 1963ರಲ್ಲಿ ಅದು ಜಾರಿಗೆ ಬಂದ ಮೇಲೆ ಹಳ್ಳಿಯ ಲೆಕ್ಕ ಸರ್ಕಾರಿ ನೌಕರನಾದ ಗ್ರಾಮಲೆಕ್ಕಿಗನಿಗೆ ಹೋಯಿತು. ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಇಂದು ಪಹಣಿಯಲ್ಲಿ ಹೆಸರು ಬದಲಾಗಬೇಕಾದರೆ ನೋಟಿಸು ಹೊರಡಬೇಕು, ತಕರಾರಿಗೆ ಅವಧಿ ಕೊಡಬೇಕು, ಮ್ಯುಟೇಶನ್ ದಾಖಲಾಗಬೇಕು. ಅಂದು ಸಾಕ್ಷಿಗಳು ಕಣ್ಣೆದುರು ಮಾಡುತ್ತಿದ್ದ ಕೆಲಸ ಈಗ ಕಚೇರಿಯ ಕ್ರಮವಾಗಿದೆ.

ಹೋಲಿಕೆ

ತಿದ್ದುವ ಸೌಲಭ್ಯದಲ್ಲಿ ಕಡತ ಮತ್ತು ಉಂಗುರದ ಪುಸ್ತಕ ಮುಂದಿವೆ. ತಿದ್ದುಪಡಿಯನ್ನು ಪತ್ತೆ ಹಚ್ಚುವಲ್ಲಿ ಹೊಲಿದ ಪುಸ್ತಕ ಮತ್ತು ತಿದ್ದುಪಡಿಯ ದಾಖಲೆ ಇಡುವ ತಂತ್ರಾಂಶ ಮುಂದಿವೆ. ಜಾಗದ ಮಿತವ್ಯಯದಲ್ಲಿ ಕಡತ ಉತ್ತಮ: ಎರಡೂ ಮೈಯಲ್ಲಿ ಬರೆಯಬಹುದು, ಒಂದೇ ಬಟ್ಟೆಯನ್ನು ಮತ್ತೆ ಮತ್ತೆ ಬಳಸಬಹುದು. ವಿಷಯವಾರು ವಿಂಗಡಣೆಗೆ ಉಂಗುರದ ಪುಸ್ತಕ ಒಳ್ಳೆಯದು: ವಿಳಾಸ, ದಿನಚರಿ, ಲೆಕ್ಕಗಳ ಹಾಳೆಗಳನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದು. ಕಡತದಲ್ಲಿ ಕ್ರಮ ಬದಲಿಸಲು ಬರುವುದಿಲ್ಲ, ಆದರೆ ಯಾವ ಮಡಿಕೆಯೂ ಕಳೆದುಹೋಗುವುದಿಲ್ಲ. ಕಾಗದದ ಶತ್ರುಗಳು ಆಮ್ಲ, ಗೆದ್ದಲು, ತೇವ. ಕಡತದ್ದು ಉಜ್ಜಾಟ, ತೇವ ಮತ್ತು ಸರಿಯ ಆಸೆಗೆ ಬರುವ ಹುಳು.

ನಾಲ್ಕೂ ಬಗೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಬರಹದ ನಂಬಿಕೆ ವಸ್ತುವಿನ ಗುಣದಿಂದ ಮಾತ್ರ ಹುಟ್ಟುವುದಿಲ್ಲವೆಂಬುದು ಸ್ಪಷ್ಟ. ಬರೆದವರು ಯಾರು, ಅದನ್ನು ಇನ್ನು ಯಾರು ಬಲ್ಲರು, ತಾಳೆ ನೋಡಲು ಬೇರೊಂದು ಪ್ರತಿ ಇದೆಯೇ ಎಂಬ ಪ್ರಶ್ನೆಗಳು ಹಿಂದೆಯೂ ಇದ್ದವು, ಈಗಲೂ ಇವೆ.

ರಕ್ಷಣೆ

ಹಳೆಯ ಶಾನುಭೋಗರ ಮನೆ, ಅಂಗಡಿ ಮನೆತನ, ದೇವಸ್ಥಾನಗಳ ಪೆಟ್ಟಿಗೆಗಳಲ್ಲಿ ಕಡತ ಸಿಕ್ಕರೆ ಒದ್ದೆ ಬಟ್ಟೆಯಿಂದಾಗಲಿ ಒಣ ಬಟ್ಟೆಯಿಂದಾಗಲಿ ಒರೆಸಬಾರದು. ಧೂಳೆಂದು ಒರೆಸಿದ್ದು ಬರಹವೇ ಆಗಿರಬಹುದು. ಬಿಗಿದ ಮಡಿಕೆಗಳನ್ನು ಬಲವಂತವಾಗಿ ಬಿಡಿಸಿದರೆ ಲೇಪನ ಬಿರುಕು ಬಿಡುತ್ತದೆ. ಒಂದೊಂದೇ ಮಡಿಕೆ ತೆರೆದು, ಪಕ್ಕದಿಂದ ಬೆಳಕು ಬೀಳಿಸಿ ಛಾಯಾಚಿತ್ರ ತೆಗೆದರೆ ಮಾಸಿದ ಅಕ್ಷರಗಳೂ ಎದ್ದು ಕಾಣುತ್ತವೆ. ಮೋಡಿ ಅಕ್ಷರ, ಹಳೆಯ ಭಿನ್ನಾಂಕ ಮತ್ತು ಅಳತೆಗಳನ್ನು ಓದಬಲ್ಲವರ ನೆರವು ಬೇಕಾಗುವುದರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ, ಪ್ರಾಚ್ಯವಿದ್ಯಾ ಸಂಶೋಧನಾಲಯ, ರಾಜ್ಯ ಪತ್ರಾಗಾರ ಇಲಾಖೆಗಳಂಥ ಸಂಸ್ಥೆಗಳಿಗೆ ತಿಳಿಸುವುದು ಸರಿಯಾದ ದಾರಿ. ಶಾಸನಗಳು ರಾಜರ ದಾನ, ಯುದ್ಧ, ದೇವಾಲಯಗಳ ವಿಷಯವನ್ನು ಹೆಚ್ಚಾಗಿ ಹೇಳುತ್ತವೆ. ರಾಗಿಯ ಬೆಲೆ, ಕೂಲಿಯ ದರ, ತೀರದ ಸಾಲ, ಕೆರೆ ಬತ್ತಿದ ವರ್ಷದ ಕಂದಾಯದ ಬಾಕಿ ಸಿಗುವುದು ಲೆಕ್ಕದ ಪುಸ್ತಕಗಳಲ್ಲಿ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸಾಮಾನ್ಯ ಜನರ ಇತಿಹಾಸ ಬರೆಯಲು ಕಡತ, ಖಿರ್ದಿ, ಮುಯ್ಯಿ ಪುಸ್ತಕಗಳೇ ಮೊದಲ ಆಕರಗಳು. ಶಾಸನಗಳಿಗೆ ದೊರೆತ ಶೋಧನೆ, ಪ್ರತಿ ಮತ್ತು ಪ್ರಕಟಣೆಯ ಗೌರವ ಇವಕ್ಕೂ ದೊರೆಯಬೇಕು.